ಹೆಂಪ್ ಅಂದರೆ ಗಾಂಜಾ ಅಲ್ಲವಂತೆ

ಸರ್ಪಸುತ್ತು ವಾಸಿಯಾದ ಮೇಲೂ ನೋವು ಉಳಿಯಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಡಪಕ್ಕೆಯ ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು, ಚರ್ಮ ಮೊದಲಿನ ಬಣ್ಣಕ್ಕೆ ಬಂತು. ನೋವು ಮಾತ್ರ ಒಳಗೇ ಕೂತುಬಿಟ್ಟಿತು. ಬಟ್ಟೆ ಸೋಕಿದರೂ ಉರಿ. ಮಿಶಿಗನ್ ರಾಜ್ಯದ ರಾಚೆಸ್ಟರ್ ಹಿಲ್ಸ್‌ನ ಮನೆಯಿಂದ ಪ್ಲಿಮತ್‌ನ ಆಫೀಸಿಗೆ ಹೋಗುವಾಗ ಸೀಟ್ ಬೆಲ್ಟಿನ ಕೆಳಗೆ ಮಡಚಿದ ಟವೆಲ್ ಇಟ್ಟುಕೊಂಡು ಡ್ರೈವ್ ಮಾಡುತ್ತಿದ್ದೆ. ಕಾರಿನ ಸೀಟುಗಳಿಗೆ ಬಿಡಿಭಾಗ ಮಾಡುವ ಕಂಪನಿ ನಮ್ಮದು. ಸೀಟಿನಲ್ಲಿ ಕೂರುವುದೇ ಆಗದವಳು ದಿನವಿಡೀ ಸೀಟಿನ ಡ್ರಾಯಿಂಗ್ ನೋಡುತ್ತ ಕೂರುತ್ತಿದ್ದೆ.

ಡಾಕ್ಟರು ನರದ ನೋವಿಗೆಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಅದು ನೋವಿಗಿಂತ ಮೊದಲು ನನ್ನನ್ನೇ ಮಂಕು ಮಾಡಿತು. ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ನನ್ನ ಎಕ್ಸಿಟ್ ದಾಟಿಹೋದದ್ದು ಗೊತ್ತಾಗಲೇ ಇಲ್ಲ. ತಲೆಯ ಮೇಲೆ ವಿಮಾನ ಇಳಿಯುತ್ತಿರುವುದು ಕಂಡಾಗಲೇ ಏರ್‌ಪೋರ್ಟ್‌ವರೆಗೂ ಬಂದಿದ್ದೇನೆಂದು ಅರಿವಾಯಿತು. ಅಂದಿನಿಂದ ಕ್ಯಾಪ್ಸೂಲ್ ಬಿಟ್ಟೆ. ನಿದ್ದೆಯೂ ನನ್ನನ್ನು ಬಿಟ್ಟಿತು.

ನನ್ನ ಅಕ್ಕ ಶಿಕಾಗೋ ಪಕ್ಕದ ಒಂದು ಉಪನಗರದಲ್ಲಿದ್ದಾಳೆ. ಆ ವಸಂತದಲ್ಲಿ ಗಂಡ, ನಾನು ಅವಳ ಮನೆಗೆ ಹೋದೆವು. ಅವನು ಮನೆಯಲ್ಲಿ ಮಲಗಿದ, ನಾವಿಬ್ಬರೂ ಸಾಮಾನು ತರಲು ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೊರಟೆವು. ಪಾರ್ಕಿಂಗ್ ಸಿಕ್ಕದೆ ಸುತ್ತು ಹೊಡೆದು, ಕೊನೆಗೆ ದೂರದಲ್ಲಿ ನಿಲ್ಲಿಸಿ ನಡೆದೆವು. ನಾನು ಕುರ್ತಾವನ್ನು ಮೈಗೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಸೊಪ್ಪು ಆರಿಸುವುದನ್ನು ಅಕ್ಕ ನೋಡುತ್ತಲೇ ಇದ್ದಳು. ವಾಪಸು ಬರುವಾಗ ಅವಳ ಬಡಾವಣೆ ಹತ್ತಿರದ ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದಳು. ಕಿಟಕಿ ತುಂಬ ನಿಯಾನ್ ದೀಪದ ಒಂದು ಅಂಗಡಿ.

"ಇಳಿ. ನಂಗೆ ಮಂಡಿ ನೋವಿಗೆ ಇದೇ ಗತಿ. ನಮ್ ವಾಕಿಂಗ್ ಗುಂಪಿನ ಆಂಟಿಯರೆಲ್ಲ ತಗೋತಾರೆ."

"ಅಕ್ಕ, ಇದು ಗಾಂಜಾ ಅಂಗಡಿ ಅಲ್ವಾ?"

"ಅಲ್ಲ ಕಣೇ. ಗಾಂಜಾ ಅಂಗಡಿ ಬೇರೆ, ಅದಕ್ಕೆ ಲೈಸೆನ್ಸ್ ಬೇಕು. ಇದು ಹೆಂಪ್. ಹೆಂಪ್ ಅಂದ್ರೆ ಗಾಂಜಾ ಅಲ್ಲ. ನಾರು ತೆಗೀತಾರಲ್ಲ, ಆ ಗಿಡ. ಕಾನೂನಲ್ಲೇ ಬೇರೆ ಮಾಡಿದಾರೆ."

ಒಳಗೆ ಚಿಪ್ಸ್, ಲಾಟರಿ ಟಿಕೆಟ್, ಮೊಬೈಲ್ ಚಾರ್ಜರ್. ಅವುಗಳ ನಡುವೆ ಮಕ್ಕಳ ಮಿಠಾಯಿಯಂಥ ಬಣ್ಣದ ಪೊಟ್ಟಣಗಳು. ಅಕ್ಕ ಆರಿಸಿದ್ದು ಮಾವಿನ ರುಚಿಯ ಗಮ್ಮಿ, ಜಗಿದು ತಿನ್ನುವ ಮೆತ್ತನೆ ಮಿಠಾಯಿ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಐವತ್ತು ರಾಜ್ಯಗಳಲ್ಲೂ ಕಾನೂನುಬದ್ಧ ಎಂದು ಅಚ್ಚಾಗಿತ್ತು. ನಾನು ಇಂಜಿನಿಯರ್, ಅಚ್ಚಾದದ್ದನ್ನು ನಂಬುವ ಜಾತಿ. ಕೊಂಡೆ.

ಆ ರಾತ್ರಿ ಅರ್ಧ ತುಂಡು ತಿಂದೆ. ಬೆಳಿಗ್ಗೆ ಅಕ್ಕ ಕಾಫಿ ಹಿಡಿದು ಎಬ್ಬಿಸುವವರೆಗೂ ಮಗ್ಗುಲು ಬದಲಿಸಿರಲಿಲ್ಲವಂತೆ. ನೋವು ಇತ್ತು, ಆದರೆ ಪಕ್ಕದ ಕೋಣೆಗೆ ಹೋಗಿ ಕೂತ ಹಾಗಿತ್ತು. ಹಾಸಿಗೆಯಲ್ಲಿ ಕೂತೇ ನಾನು ಅತ್ತುಬಿಟ್ಟೆ. ಅಕ್ಕ, "ಅಳೋ ಅಂಥದ್ದೇನಾಯ್ತೇ, ಕಾಫಿ ಆರುತ್ತೆ" ಎಂದಳು.

ಪೊಟ್ಟಣವನ್ನು ಮಿಶಿಗನ್‌ಗೆ ತಂದೆ. ಕೆಲವು ವಾರ ಮನುಷ್ಯಳಂತೆ ಬದುಕಿದೆ.

ಅದೇ ಸಮಯದಲ್ಲಿ ನಾನು ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದ್ದೆ. ಗಂಡನದು ಎಂದೋ ಆಗಿತ್ತು, ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ಗ್ರೀನ್ ಕಾರ್ಡ್‌ನಲ್ಲಿ ಉಳಿದವಳು ನಾನೊಬ್ಬಳೇ. ಸಂದರ್ಶನಕ್ಕೆ ಮುಂಚೆ ಪಕ್ಕದೂರು ಟ್ರಾಯ್‌ನಲ್ಲಿದ್ದ ವಕೀಲೆಯನ್ನು ನೋಡಲು ಹೋದೆ. ಆಕೆ ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಓದುತ್ತ ಹೋದರು. ಪೊಲೀಸ್ ಕೇಸು? ಇಲ್ಲ. ತೆರಿಗೆ ಬಾಕಿ? ಇಲ್ಲ. ನಿಷೇಧಿತ ಮಾದಕ ವಸ್ತು?

"ಇಲ್ಲ. ನಿದ್ದೆಗೆ ಹೆಂಪ್ ಗಮ್ಮಿ ತಗೋತೀನಿ, ಅಷ್ಟೆ" ಎಂದೆ.

ಆಕೆಯ ಪೆನ್ನು ನಿಂತಿತು. ಎಲ್ಲಿ ಕೊಂಡಿರಿ, ಎಲ್ಲಿ ತಿಂದಿರಿ, ಪೊಟ್ಟಣದ ಮೇಲೆ ಏನಿತ್ತು ಎಂದೆಲ್ಲ ಕೇಳಿದರು. ಆಮೇಲೆ ಚಿಕ್ಕ ಮಗುವಿಗೆ ಹೇಳುವಂತೆ ವಿವರಿಸಿದರು. ಅಕ್ಕನಿರುವ ಇಲಿನಾಯ್‌ನಲ್ಲಿ ಅದು ಚಿಪ್ಸ್ ಪಕ್ಕ ಮಾರುವ ಸರಕು. ಅದೇ ಪೊಟ್ಟಣವನ್ನು ಮಿಶಿಗನ್‌ನಲ್ಲಿ ಮಾರಬೇಕಾದರೆ ಗಾಂಜಾ ಅಂಗಡಿಯ ಲೈಸೆನ್ಸ್ ಬೇಕು, ಯಾಕೆಂದರೆ ಅಮಲಿನ ಅಂಶ ಹೆಂಪ್‌ನಿಂದ ಬಂದರೂ ಇಲ್ಲಿನ ಕಾನೂನು ಅದನ್ನು ಗಾಂಜಾದ ಜೊತೆಗೇ ಸೇರಿಸಿದೆ. ಇಲ್ಲಿಯ ಲೈಸೆನ್ಸ್ ಅಂಗಡಿಯಲ್ಲಿ ಗಾಂಜಾ ಕೊಂಡರೆ ರಾಜ್ಯದ ಲೆಕ್ಕದಲ್ಲಿ ಸರಿ, ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಲೆಕ್ಕದಲ್ಲಿ ಅಪರಾಧ. ಸಿಟಿಜನ್‌ಶಿಪ್ ಕೊಡುವವರು ಫೆಡರಲ್‌ನವರು. ಹೆಂಪ್ ಮಾತ್ರ ಫೆಡರಲ್ ಕಾನೂನಿನಲ್ಲಿ ಸದ್ಯಕ್ಕೆ ಸರಿ, ಒಳಗಿನ ಅಂಶ ಮಿತಿಯೊಳಗಿದ್ದರೆ.

"ಮಿತಿಯೊಳಗಿತ್ತಾ?"

"ನಂಗೆ ಹೇಗೆ ಗೊತ್ತಾಗಬೇಕು?" ಎಂದೆ.

"ಅದೇ ತೊಂದರೆ," ಎಂದರು. "ಇವತ್ತಿನಿಂದ ನಿಲ್ಲಿಸಿ. ಕೇಳಿದರೆ ಸುಳ್ಳು ಹೇಳಬೇಡಿ. ಪೊಟ್ಟಣ ಇದ್ದರೆ ತೆಗೆದಿಡಿ."

ಪಾರ್ಕಿಂಗ್ ಲಾಟಿನಲ್ಲಿ ಸುಮ್ಮನೆ ಕೂತೆ. ಹೆದರಿಕೆಗಿಂತ ಹೆಚ್ಚಾಗಿ ಸುಸ್ತು. ಇಷ್ಟು ವರ್ಷ ಈ ದೇಶದಲ್ಲಿ ಒಂದು ಟ್ರಾಫಿಕ್ ಟಿಕೆಟ್ ಇಲ್ಲದೆ ಬದುಕಿದವಳು, ಮಾವಿನ ರುಚಿಯ ಮಿಠಾಯಿಗೆ ವಕೀಲರನ್ನು ಇಟ್ಟುಕೊಳ್ಳಬೇಕಾಯಿತು.

ಮನೆಗೆ ಬಂದು ಪೊಟ್ಟಣದ ಮೇಲಿನ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದೆ. ಲ್ಯಾಬ್ ಪರೀಕ್ಷೆಯ ವರದಿ ಅಲ್ಲಿರಬೇಕಿತ್ತು. ಪುಟವೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಅಂಗಡಿಯವನನ್ನು ಕೇಳು ಎಂದೆ. ಮರುದಿನ ಅವಳದೇ ಫೋನ್ ಬಂತು.

"ಕೇಳ್ದೆ ಕಣೇ. ಆ ಕಂಪನಿ ಮಾಲೇ ಬರ್ತಿಲ್ವಂತೆ. ಅದೂ ಅಲ್ದೆ ನಮ್ಮೂರ ಕೌನ್ಸಿಲ್‌ನೋರು ಬ್ಯಾನ್ ಮಾಡಿದಾರಂತೆ, ಮುಂದಿನ ತಿಂಗಳಿಂದ ಇಲ್ಲಿ ಮಾರೋ ಹಾಗೇ ಇಲ್ಲ. ರಸ್ತೆ ದಾಟಿದ್ರೆ ಪಕ್ಕದೂರಲ್ಲಿ ಸಿಗುತ್ತಂತೆ."

"ರಸ್ತೆ ದಾಟಿದ್ರೆ ಸರಿ, ಈ ಕಡೆ ಇದ್ರೆ ತಪ್ಪು?"

"ನನ್ನ ಕೇಳಿದ್ರೆ? ನಾನೇನ್ ಕಾನೂನ್ ಬರೆದ್ನಾ?" ಎಂದವಳು ಆಮೇಲೆ, "ನಾನೇ ನಿನ್ನ ಅಲ್ಲಿಗೆ ಕರ್ಕೊಂಡ್ ಹೋದೆ" ಎಂದಳು. ಅವಳ ದನಿ ಸಣ್ಣದಾಗಿತ್ತು.

"ಬಿಡೇ ಅಕ್ಕ. ಅಷ್ಟು ವಾರ ನಿದ್ದೆ ಮಾಡಿದ್ದು ನಿನ್ನಿಂದ್ಲೇ."

ಗಮ್ಮಿ ನಿಲ್ಲಿಸಿದ ಮೇಲೆ ನೋವು ಪಕ್ಕದ ಕೋಣೆಯಿಂದ ಎದ್ದು ವಾಪಸು ಬಂತು. ಮತ್ತೆ ಕ್ಯಾಪ್ಸೂಲ್ ಶುರು ಮಾಡಿದೆ. ಗಂಡ ಆಫೀಸಿಗೆ ಬಿಟ್ಟು ಬರತೊಡಗಿದ. ಮಗಳಿಗೆ ಇದು ಯಾವುದೂ ತಲೆಗೆ ಹೋಗಲಿಲ್ಲ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದಳು, ಭಾನುವಾರ ಊಟಕ್ಕೆ ಬರುತ್ತಿದ್ದಳು. ನಾನು ಹುಳಿ ಬಡಿಸುವಾಗ ಕೈ ಪಕ್ಕೆಗೆ ಹೋದದ್ದು ಕಂಡು ಅವಳಿಗೆ ಸಿಟ್ಟೇ ಬಂತು.

"ಅಮ್ಮಾ, ದಿಸ್ ಈಸ್ ಕ್ರೇಜೀ. ಇಟ್ಸ್ ಲಿಟರಲೀ ಲೀಗಲ್ ಹಿಯರ್. ಐ ಕ್ಯಾನ್ ಜಸ್ಟ್ ಬೈ ಇಟ್ ಫಾರ್ ಯೂ."

"ನಿಂಗೆ ಲೀಗಲ್ ಪುಟ್ಟಿ. ನಂಗಲ್ಲ."

"ಸೇಮ್ ಹೌಸ್, ಅಮ್ಮಾ!"

ಒಂದೇ ಮನೆ, ಒಂದೇ ಊಟದ ಮೇಜು. ನಿಜವೇ. ಅವಳು ಹೋಗಿ ವಯಸ್ಸಿನ ಪುರಾವೆಗೆ ಡ್ರೈವರ್ಸ್ ಲೈಸೆನ್ಸ್ ತೋರಿಸಿ ಕೊಂಡು ತಂದರೆ ಯಾರೂ ತುಟಿಪಿಟಕ್ ಎನ್ನುವುದಿಲ್ಲ. ನಾನು ತಿಂದರೆ ಆಣೆ ಮಾಡಿ ಉತ್ತರ ಕೊಡಬೇಕು. ಅವಳಿಗೆ ಅದನ್ನು ಹೇಳುವ ಹುಮ್ಮಸ್ಸು ಉಳಿದಿರಲಿಲ್ಲ. "ಮಜ್ಜಿಗೆ ಹಾಕ್ಕೋ" ಎಂದೆ. ಅವಳು ಹಾಕಿಕೊಂಡಳು, ಕಣ್ಣು ಒರೆಸಿಕೊಂಡಳು.

ಡೆಟ್ರಾಯಿಟ್‌ನಲ್ಲಿ ಸಂದರ್ಶನ. ವಕೀಲೆ ಪಕ್ಕದಲ್ಲಿ ಕೂತಿದ್ದರು. ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು, ಮೂಗು ಕಟ್ಟಿಕೊಂಡಿತ್ತು, ಮಧ್ಯೆ ಮಧ್ಯೆ ಟಿಶ್ಯೂ ತೆಗೆಯುತ್ತಿದ್ದರು. ಬಲಗೈ ಎತ್ತಿ ಆಣೆ ಮಾಡಿದೆ. ಆ ಪ್ರಶ್ನೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಸರ್ಪಸುತ್ತು, ಕ್ಯಾಪ್ಸೂಲ್, ಏರ್‌ಪೋರ್ಟ್, ಅಕ್ಕ, ಅಂಗಡಿ. ವಕೀಲೆ ಪೊಟ್ಟಣದ ಫೋಟೋ ಮುಂದಿಟ್ಟರು.

ಅಧಿಕಾರಿ ಅದನ್ನು ಬಹಳ ಹೊತ್ತು ನೋಡಿದರು. "ಇದು ಗಾಂಜಾ ಎಂದು ಗೊತ್ತಿದ್ದೇ ಖರೀದಿಸಿದಿರಾ?"

"ಇಲ್ಲ. ಗಾಂಜಾ ಅಲ್ಲ ಎಂದು ನಂಬಿ ಖರೀದಿಸಿದೆ. ಹಾಗೇ ಬರೆದಿತ್ತು."

"ಈಗಲೂ ತೆಗೆದುಕೊಳ್ಳುತ್ತೀರಾ?"

"ಇಲ್ಲ."

"ನೋವು?"

"ಇದೆ."

ಅವರು ಏನೋ ಟೈಪ್ ಮಾಡಿದರು. ಅಂದು ತೀರ್ಮಾನ ಹೇಳಲಿಲ್ಲ, ಮೇಲಿನವರು ನೋಡಬೇಕು ಎಂದರು. ಹೊರಡುವಾಗ ಮೂಗು ಒರೆಸುತ್ತ, "ನಮ್ಮ ತಾಯಿಗೂ ಸರ್ಪಸುತ್ತು ಆಗಿತ್ತು. ಹೋಗುತ್ತದೆ, ಆದರೆ ನಿಧಾನ" ಎಂದರು. ಅಷ್ಟು ದಿನಗಳಲ್ಲಿ ಅಷ್ಟು ನೇರವಾದ ಮಾತನ್ನು ನನಗೆ ಯಾರೂ ಆಡಿರಲಿಲ್ಲ.

ಬೇಸಿಗೆ ಪೂರ್ತಿ ಕಾದೆವು. ಶರತ್ಕಾಲದಲ್ಲಿ ಒಪ್ಪಿಗೆ ಬಂತು. ಪ್ರಮಾಣವಚನದ ದಿನ ಮಗಳು ರಜೆ ಹಾಕಿ ಬಂದಳು, ಅಕ್ಕ ಬಾವ ಹಿಂದಿನ ದಿನವೇ ಬಂದಿಳಿದಿದ್ದರು. ನಾನು ರೇಷ್ಮೆ ಸೀರೆ ಉಟ್ಟಿದ್ದೆ, ಬ್ಲೌಸ್ ಎಡಗಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಿದ್ದೆ. ಕೈಗೆ ಸಣ್ಣ ಬಾವುಟ ಕೊಟ್ಟರು. ಫೋಟೋ ತೆಗೆಸಿಕೊಂಡೆವು.

ಮನೆಗೆ ಬರುವ ದಾರಿಯಲ್ಲಿ ಮಗಳು ಲೈಸೆನ್ಸ್ ಇರುವ ಒಂದು ಗಾಂಜಾ ಅಂಗಡಿಯ ಮುಂದೆ ನಿಧಾನ ಮಾಡಿ ನನ್ನತ್ತ ನೋಡಿದಳು. "ನೌ ಯೂ ಕ್ಯಾನ್, ರೈಟ್?"

ವಕೀಲೆಯನ್ನು ಕೇಳಬೇಕು, ಕಂಪನಿಯಲ್ಲಿ ಡ್ರಗ್ ಟೆಸ್ಟ್ ನಿಯಮ ಏನೆಂದು ನೋಡಬೇಕು, ಹೆಂಪ್ ಕಾನೂನನ್ನೇ ಫೆಡರಲ್‌ನವರು ಬದಲಾಯಿಸುತ್ತಿದ್ದಾರಂತೆ, ಅದನ್ನೂ ಓದಬೇಕು. ಯೋಚಿಸಿದರೇ ಆಯಾಸ. ಹಿಂದಿನ ಸೀಟಿನಲ್ಲಿ ಅಕ್ಕ ಮುಂದಕ್ಕೆ ಬಾಗಿ ಕೂತಳು.

"ಇವತ್ತು ಬೇಡ. ಮನೆಗೆ ನಡಿ," ಎಂದೆ. "ಸೀರೆ ಬಿಚ್ಚಿ ಸ್ವಲ್ಪ ಮಲಗ್ತೀನಿ."