ಸೀಮೆಸುಣ್ಣದ ಪಾಸ್‌ವರ್ಡ್

ಲಗ್ಗೆರೆಯ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಅಂಗಡಿಗೆ ಹೋಗುತ್ತಿರಲಿಲ್ಲ, ಮರೆಪ್ಪನ ಮನೆಗೆ ಹೋಗುತ್ತಿದ್ದರು. ದೇವದುರ್ಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು ಅವನು. ಪೀಣ್ಯದಲ್ಲಿ ಒಂದು ಕಾರ್ಖಾನೆಯ ಗೋಡೆ ಕಟ್ಟಲು ಹೋಗಿ, ಗೋಡೆ ಮುಗಿದ ಮೇಲೆ ಅದರೊಳಗೇ ಉಳಿದುಕೊಂಡ. ಕಬ್ಬಿಣದ ಸಿಪ್ಪೆ ಗುಡಿಸುತ್ತ ಗುಡಿಸುತ್ತ ಕಬ್ಬಿಣ ಕಡೆಯುವ ಲೇತ್ ಯಂತ್ರ ಕಲಿತ. ಐವತ್ತು ಸಮೀಪಿಸಿದಾಗ ಕಾರ್ಖಾನೆ ಬಾಗಿಲು ಹಾಕಿತು. ಅಷ್ಟರಲ್ಲಿ ಅವನ ಮಂಡಿಗಳೂ ಕೈಕೊಟ್ಟಿದ್ದವು. ಎಂಟು ಗಂಟೆ ನಿಂತು ದುಡಿಯುವ ಕಾಲು ಇನ್ನಿಲ್ಲ ಎಂದು ಗೊತ್ತಾದ ಮೇಲೆ ಕೂತು ಮಾಡುವ ಕೆಲಸ ಹುಡುಕಿದ.

ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿ ಗುಜರಿಗೆ ಹಾಕಿದ ಕಂಪ್ಯೂಟರುಗಳಲ್ಲಿ ಒಂದನ್ನು ಹೊತ್ತು ತಂದ. ಮೂರು ತಿಂಗಳು ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಅದರಲ್ಲಿ ನಕ್ಷೆ ಬರೆಯಲು ಕಲಿತ. ಯಾರೂ ಹೇಳಿಕೊಡಲಿಲ್ಲ. ನಮ್ಮಂಥವರಿಗೆ ಯಾರೂ ಹೇಳಿಕೊಡುವುದಿಲ್ಲ. ಕಲಿತದ್ದು ಮಾತ್ರ ಮೂಳೆಯೊಳಗೆ ಇಳಿದಿರುತ್ತದೆ.

ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಮೂವತ್ತು, ನಲವತ್ತು ವರ್ಷದ ಯಂತ್ರಗಳು ಇನ್ನೂ ಉಸಿರು ಹಿಡಿದು ಓಡುತ್ತಿವೆ. ಅವನ್ನು ಮಾಡಿದ ಕಂಪನಿಗಳು ಎಂದೋ ಮುಚ್ಚಿವೆ. ಒಂದು ಗೇರು ಮುರಿದರೆ ಬದಲಿ ಸಿಗುವುದಿಲ್ಲ. ಮುರಿದ ಚೂರನ್ನು ಮರೆಪ್ಪನ ಮುಂದೆ ಹಾಕಿದರೆ ಅವನು ವರ್ನಿಯರ್ ಹಿಡಿದು ಹಲ್ಲು ಹಲ್ಲು ಅಳೆದು, ಇಡೀ ಗೇರಿನ ನಕ್ಷೆ ಬರೆದುಕೊಡುತ್ತಿದ್ದ. ಏಳು ವರ್ಷದಲ್ಲಿ ಮುನ್ನೂರ ಹನ್ನೆರಡು ನಕ್ಷೆ. ಅವನ ಅನ್ನ ಅದರಲ್ಲಿತ್ತು. ಅನ್ನಕ್ಕಿಂತ ಹೆಚ್ಚಾಗಿ ಅವನ ಮಾನ ಅದರಲ್ಲಿತ್ತು. ಪ್ರತಿ ನಕ್ಷೆಯ ಬಲಮೂಲೆಯ ಚೌಕದಲ್ಲಿ ಎರಡು ಸಾಲು: ‘ಬರೆದವರು: ಮರೆಪ್ಪ. ತಪಾಸಣೆ: ದುರ್ಗವ್ವ.’

ದುರ್ಗವ್ವ ಅವನ ಹೆಂಡತಿ. ಹದಿನೈದು ವರ್ಷ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡಿದವಳು. ಅಂಗಿಯಲ್ಲಿ ಒಂದು ಹೊಲಿಗೆ ತಪ್ಪಿದರೆ ಮಾರು ದೂರದಿಂದ ಹಿಡಿಯುವ ಕಣ್ಣು. ಅವಳು ನಕ್ಷೆಯ ಅಂಕಿಗಳನ್ನು ಗಟ್ಟಿಯಾಗಿ ಓದಬೇಕು, ಅವನು ಚೂರನ್ನು ಮತ್ತೊಮ್ಮೆ ಅಳೆಯಬೇಕು. ಆಮೇಲೇ ಆ ಕಾಗದ ಹೊರಗೆ ಹೋಗುತ್ತಿತ್ತು.

“ನನ್ನ ಹೆಸರ್ಯಾಕ ಹಾಕ್ತೀರಿ? ಮಂದಿ ನಗ್ತಾರ,” ಎನ್ನುತ್ತಿದ್ದಳು.

“ನಗಲಿ ಬಿಡು. ನೀ ನೋಡದ ನಕ್ಷೆ ಈ ಮನಿ ಹೊಸ್ತಿಲ ದಾಟಂಗಿಲ್ಲ.”

ಆ ಕಂಪ್ಯೂಟರನ್ನು ಅವನು ನೋಡಿಕೊಂಡ ಬಗೆ ನೋಡಬೇಕಿತ್ತು. ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಕಬ್ಬಿಣ ಇರುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿದ್ದ, ಗೋಡೆಯಿಂದ ಒಂದು ಗೇಣು ದೂರ, ಬಿಸಿ ಗಾಳಿ ಹೊರಗೆ ಹೋಗಲೆಂದು. ಹದಿನೈದು ದಿನಕ್ಕೊಮ್ಮೆ ಆರಿಸಿ, ಪ್ಲಗ್ಗು ಕಿತ್ತು, ಮೈಯ ಕರೆಂಟು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ, ಆಮೇಲೆ ಬದಿಯ ತಗಡು ಬಿಚ್ಚುತ್ತಿದ್ದ. ಮೆತ್ತನೆಯ ಒಣ ಬ್ರಷ್ಷು, ಒಂದು ಬೆರಳು ಫ್ಯಾನಿನ ಮೇಲೆ, ಅದು ಗಿರಗಿರ ತಿರುಗಬಾರದು. ಓಡುತ್ತಿರುವಾಗ ಅದರ ಮೇಲೆ ಬಟ್ಟೆ ಹೊದಿಸಿದವರನ್ನು ಕಂಡರೆ ಉರಿದು ಬೀಳುತ್ತಿದ್ದ: “ನಿನ್ನ ಮೂಗಿಗೆ ಕಂಬಳಿ ಕಟ್ಟಿ ಓಡಂದ್ರ ಓಡ್ತಿಯೇನು?” ಒಮ್ಮೆ ಯಾರೋ ಫೋನ್ ಮಾಡಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ, ನಾವು ಹೇಳಿದ ಗುಂಡಿ ಒತ್ತಿ ಎಂದರಂತೆ. ಇವನು ಅರ್ಧ ಗಂಟೆ ತಮ್ಮೂರಿನ ಮಳೆ ಬೆಳೆ ಸಮಾಚಾರ ಹೇಳಿದ. ಅವರೇ ಸಾಕಾಗಿ ಫೋನ್ ಇಟ್ಟರು.

ಇಷ್ಟೆಲ್ಲ ಎಚ್ಚರದ ಮನುಷ್ಯ ಒಂದು ಕಡೆ ಕಣ್ಣು ಮುಚ್ಚಿದ. ಆ ಒಂದು ಕಡೆಯ ಹೆಸರು ಮುರಳಿ.

ಮುರಳಿ ಮಾಗಡಿ ಕಡೆಯವನು. ಕಾರ್ಖಾನೆಯಲ್ಲಿ ಮರೆಪ್ಪ, ಮುರಳಿ ಹತ್ತೊಂಬತ್ತು ವರ್ಷ ಒಂದೇ ಲೇತಿನವರು. ಒಬ್ಬ ಹಗಲು ಪಾಳಿ, ಇನ್ನೊಬ್ಬ ರಾತ್ರಿ ಪಾಳಿ. ಪಾಳಿ ಬದಲಾಗುವ ಹತ್ತು ನಿಮಿಷ ಮಾತ್ರ ಮುಖ ನೋಡುತ್ತಿದ್ದದ್ದು. ಆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಇಳಿಯುವವನು ಯಂತ್ರದ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಬೇಕು: ವೇಗ ಎಷ್ಟು, ಇನ್ನೆಷ್ಟು ಕೊರೆಯಬೇಕು, ಎಲ್ಲಿ ನಿಂತಿದೆ. ಬರುವವನು ಕೇಳದೆ ಕೆಲಸ ಹಿಡಿಯಬೇಕು. ಉಳಿಯನ್ನು ಮಸೆದಿಟ್ಟು ಹೋಗುವುದು ಮರ್ಯಾದೆ. ಹತ್ತೊಂಬತ್ತು ವರ್ಷದಲ್ಲಿ ಮುರಳಿ ಒಂದು ದಿನವೂ ಮೊಂಡು ಉಳಿ ಬಿಟ್ಟುಹೋಗಲಿಲ್ಲ ಎಂದು ಮರೆಪ್ಪ ಎಲ್ಲರ ಮುಂದೆ ಹೇಳುತ್ತಿದ್ದ. ಒಮ್ಮೆಯೂ ಹುಳಿ ಹಿಡಿಯದ ಹಾಲಿನಂಥ ನಂಬಿಕೆ ಅದು.

ಕಾರ್ಖಾನೆ ಮುಚ್ಚಿದ ಮೇಲೆ ಮುರಳಿ ಅಲ್ಲಿ ಇಲ್ಲಿ ಕಾವಲು ಕೆಲಸ ಮಾಡಿ ಸೊರಗಿದ್ದ. ಮರೆಪ್ಪನೇ ಕರೆದ. ಪಕ್ಕದಲ್ಲಿ ಕೂರಿಸಿಕೊಂಡು ನಕ್ಷೆ ಬರೆಯುವುದು ಕಲಿಸಿದ. ಬೆಳಿಗ್ಗೆ ಮರೆಪ್ಪನ ಪಾಳಿ, ಮಧ್ಯಾಹ್ನದ ಮೇಲೆ ಮುರಳಿಯ ಪಾಳಿ. ಪಾಳಿಯವನಿಗೆ ಗೊತ್ತಿರಬೇಕಲ್ಲ ಎಂದು ಪಾಸ್‌ವರ್ಡನ್ನು ಕಂಪ್ಯೂಟರ್ ಪೆಟ್ಟಿಗೆಯ ಬದಿಯಲ್ಲಿ ಸೀಮೆಸುಣ್ಣದಿಂದ ದಪ್ಪಗೆ ಬರೆದ: ತನ್ನೂರಿನ ಹೆಸರು, ಮುಂದೆ ಇಬ್ಬರೂ ದುಡಿದ ಲೇತಿನ ನಂಬರು.

“ಬಾಗಿಲಕ್ಕ ಬೀಗ ಹಾಕಿ ಬೀಗದ ಕೈ ಚಿಲಕಕ್ಕ ಕಟ್ಟೀರಲ್ಲ,” ಎಂದಳು ದುರ್ಗವ್ವ.

“ಅವ ಹೊರಗಿನವನೇನ?” ಎಂದ ಮರೆಪ್ಪ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ದುಡಿದ ಕೆಲಸದ್ದು ಒಂದು ನಕಲು ಮನೆಯಿಂದ ಹೊರಗೆ, ಬೇರೆ ಕಡೆ ಇರಬೇಕು ಎಂಬುದು ಅವನ ನಿಯಮ. ಬೆಂಕಿಯೋ ಕಳ್ಳತನವೋ ಆದರೆ ಎರಡೂ ಒಟ್ಟಿಗೆ ಹೋಗಬಾರದು. ನಿಯಮ ಸರಿಯೇ. ತಿಂಗಳಿಗೊಮ್ಮೆ ಎಲ್ಲ ನಕ್ಷೆಗಳನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, ಕಳೆದುಹೋಗಬಾರದೆಂದು ದುರ್ಗವ್ವ ಅದಕ್ಕೆ ಕಟ್ಟಿದ್ದ ಕೆಂಪು ದಾರ ಸಮೇತ ಮುರಳಿಯ ಕೈಗೇ ಕೊಡುತ್ತಿದ್ದ. ಪಾಸ್‌ವರ್ಡ್ ಗೊತ್ತಿದ್ದವನ ಕೈಯಲ್ಲೇ ನಕಲೂ ಇತ್ತು. ಇದು ಆಗ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಹೋದ ವರ್ಷ ಆಯುಧಪೂಜೆ ಬಂತು. ನಾನು ಉಳಿ ಮಸೆಯುವ ಶೆಡ್ಡಿನಲ್ಲಿ ಯಂತ್ರಗಳನ್ನೆಲ್ಲ ಕಂಪ್ರೆಸರ್ ಪೈಪಿನ ಗಾಳಿ ಹೊಡೆದು ತೊಳೆದು ಪೂಜೆಗೆ ಅಣಿ ಮಾಡುತ್ತಿದ್ದೆವು. ಮರೆಪ್ಪ ಆಟೊದಲ್ಲಿ ಕಂಪ್ಯೂಟರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ನನ್ನ ಯಂತ್ರಕ್ಕೂ ಪೂಜೆ ಆಗಲಿ ಎಂದ. ಬ್ರಷ್ಷಿನ ಕೈ ಅವತ್ತು ಗಾಳಿ ಪೈಪು ಹಿಡಿಯಿತು. ಲೇತಿಗೆ ಹೊಡೆಯುವ ಗಾಳಿಯನ್ನೇ ಅದರ ಹೊಟ್ಟೆಯೊಳಗೆ ಹೊಡೆದ. ಆ ಗಾಳಿಯಲ್ಲಿ ನೀರು ಇರುತ್ತದೆ, ಎಣ್ಣೆ ಇರುತ್ತದೆ. ಫ್ಯಾನು ಕಿರ್ರೆಂದು ಹುಚ್ಚು ಹಿಡಿದಂತೆ ತಿರುಗಿತು.

“ಬೇಡ ಕಣೋ, ಅದು ಕಬ್ಬಿಣವಲ್ಲ,” ಎಂದೆ.

“ವರ್ಷಕ್ಕೊಮ್ಮೆ ಅದಕ್ಕೂ ಜಳಕ ಆಗಲಿ ಬಿಡಣ್ಣ,” ಎಂದು ನಕ್ಕ. ಕುಂಕುಮ ಇಟ್ಟ, ಹೂ ಏರಿಸಿದ, ಮನೆಗೆ ಒಯ್ದ.

ಮರುದಿನ ಬೆಳಿಗ್ಗೆ ಅದು ಚೆನ್ನಾಗಿಯೇ ಓಡಿತು. ಮಧ್ಯಾಹ್ನ ಮರೆಪ್ಪ ಮಂಡಿಯ ಡಾಕ್ಟರ ಹತ್ತಿರ ಕೂತಿದ್ದಾಗ ಮುರಳಿಯ ಫೋನು.

“ಗುರು, ಆನ್ ಆಗ್ತಿಲ್ಲ. ನಿನ್ನೆ ಗಾಳಿ ಹೊಡ್ದೆ ಅಂದ್ಯಲ್ಲ, ಒಳಗೆ ನೀರು ಹೋಗಿರ್ಬೇಕು. ನೀನು ಮಂಡಿ ನೋಡ್ಕೊ, ನಾನೇ ದೊಡ್ಡ ಅಂಗಡಿಗೆ ರಿಪೇರಿಗೆ ತಗೊಂಡೋಗ್ತೀನಿ ಬಿಡು.”

ಎರಡು ದಿನದ ಮೇಲೆ ಪೆಟ್ಟಿಗೆ ತಂದುಕೊಟ್ಟ. ಹಾರ್ಡ್ ಡಿಸ್ಕು ಸತ್ತಿತ್ತಂತೆ, ಬೇರೆಯದು ಹಾಕಿಸಿದನಂತೆ. ಒಳಗೆ ಒಂದು ನಕ್ಷೆಯೂ ಇರಲಿಲ್ಲ. ಪೆನ್‌ಡ್ರೈವ್ ಎಲ್ಲಿ ಎಂದರೆ, ಪ್ಯಾಂಟಿನ ಜೇಬಿನಲ್ಲಿ ಉಳಿದು ಬಟ್ಟೆಯ ಜೊತೆ ನೆನೆದು ಹಾಳಾಯಿತಂತೆ.

ಮರೆಪ್ಪ ಬದಿಯ ತಗಡು ಬಿಚ್ಚಿ ಹೊಸ ಡಿಸ್ಕನ್ನು ಮುಟ್ಟಿ ನೋಡಿದ. ಲೇತಿನ ಬೇರಿಂಗ್ ಬದಲಾಯಿಸಿದರೆ ಹಳೆಯದನ್ನು ಕೈಗೆ ತೆಗೆದುಕೊಂಡು ನೋಡದೆ ಬಿಡದವನು ಅವನು. ಹಳೇ ಸಾಮಾನು ವಾಪಸ್ ಕೇಳಿ ತನ್ನಿ, ಅದರಲ್ಲಿ ನಿಮ್ಮ ಬದುಕಿರುತ್ತದೆ ಎಂದು ಬೀದಿಗೆಲ್ಲ ಹೇಳಿದವನು. ಅವತ್ತು ಆ ಡಿಸ್ಕು ಎಲ್ಲಿ ಎಂದು ಕೇಳಲಿಲ್ಲ. ತನ್ನ ಕೈಯಾರೆ ಕೊಂದೆ ಎಂಬ ಪಾಪ ಅವನ ಬಾಯಿ ಕಟ್ಟಿಹಾಕಿತ್ತು. ಎಲ್ಲದಕ್ಕಿಂತ ಮಿಗಿಲಾಗಿ, ಅವನು ಮುರಳಿಯ ಎರಡೂ ಕೈ ಹಿಡಿದುಕೊಂಡ.

“ನಿನ್ನ ಕೆಲಸಾನೂ ಹಾಳು ಮಾಡಿದೆ ತಮ್ಮಾ. ತಪ್ಪಾತು.”

ಮುರಳಿ ಅವನ ಹೆಗಲ ಮೇಲೆ ಕೈ ಹಾಕಿದ. “ಪರವಾಗಿಲ್ಲ ಬಿಡು ಗುರು. ಆಗಿದ್ದು ಆಗೋಯ್ತು.” ಆಮೇಲೆ, ಬೇರೆ ಕೆಲಸ ಸಿಕ್ಕಿದೆ ಎಂದು ಬರುವುದನ್ನೇ ಬಿಟ್ಟ.

ನಾಲ್ಕು ತಿಂಗಳು ಮರೆಪ್ಪ ಆ ಪೆಟ್ಟಿಗೆಯ ಮುಂದೆ ಮಂಕು ಬಡಿದು ಕೂತ. ಕೊನೆಗೆ ದುರ್ಗವ್ವನೇ ಎಬ್ಬಿಸಿದಳು. ನಕ್ಷೆ ಹೋದರೇನು, ಯಂತ್ರಗಳು ಅಲ್ಲೇ ಇವೆಯಲ್ಲ, ಮತ್ತೆ ಅಳೆಯೋಣ ಎಂದಳು. ಶೆಡ್ಡುಗಳಿಗೆ ಕೊಟ್ಟ ಕಾಗದಗಳು ಎಣ್ಣೆ ಕುಡಿದು ಎಂದೋ ಹರಿದುಹೋಗಿದ್ದವು. ಹಳೆಯ ಚೂರುಗಳನ್ನು ಕೇಳಿ ತರಲು ನಾನು ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ಹೊರಟೆ. ಒಂದು ದಿನ ಲೋಕೇಶ್ ಎಂಬವನ ಶೆಡ್ಡಿಗೆ ಹೋದೆವು. ಹಳೆಯ ಯಂತ್ರ ಕೊಂಡು ಹೊಸದಾಗಿ ಕೆಲಸ ಶುರು ಮಾಡಿದವನು, ನಮ್ಮ ಪರಿಚಯ ಅವನಿಗಿರಲಿಲ್ಲ. ಆ ಯಂತ್ರದ ಮುರಿದ ಗೇರು ಇದೆಯೇ ಎಂದು ಕೇಳಿದೆವು.

“ಅಣ್ಣ, ಆ ಗೇರಿಗೆ ಡ್ರಾಯಿಂಗ್ ಸಿಕ್ಬಿಟ್ಟಿದೆ,” ಎಂದ ಲೋಕೇಶ್. “ಮುರಳಿ ಅಂತ ಒಬ್ರು, ಯಾವ ಹಳೇ ಮೆಷಿನ್ ಕೇಳಿ, ಕೊಡ್ತಾರೆ. ಸಕ್ಕತ್ ಕೆಲಸ. ನೋಡಿ, ಚೆಕ್ ಮಾಡಿರೋ ಮೇಡಂ ಹೆಸರೂ ಇದೆ. ದುರ್ಗವ್ವ ಮೇಡಂ. ದೊಡ್ಡ ಎಂಜಿನಿಯರ್ ಇರ್ಬೇಕು. ನಿಮಗೇನಾದ್ರೂ ಗೊತ್ತಾ?”

ಮರೆಪ್ಪ ಕಾಗದ ಇಸಿದುಕೊಂಡ. ‘ಬರೆದವರು: ಮುರಳಿ. ತಪಾಸಣೆ: ದುರ್ಗವ್ವ.’ ಕಾಗದವನ್ನು ನೀಟಾಗಿ ಮಡಚಿ ಲೋಕೇಶನ ಕೈಗೆ ವಾಪಸ್ ಕೊಟ್ಟ.

“ಗೊತ್ತು,” ಎಂದ. “ನಮ್ಮ ಮನಿಯಾಕಿ.”

ಅಲ್ಲಿಂದ ನೇರ ಮುರಳಿಯ ಮನೆಗೆ ಹೋದೆವು. ಮುರಳಿ ಚಾಪೆ ಹಾಸಿದ.

“ಬಾ ಗುರು, ಕೂತ್ಕೊ. ಮಂಡಿ ಹೆಂಗಿದೆ?”

“ಹಳೇ ಡಿಸ್ಕು ಎಲ್ಲಿ?” ಎಂದ ಮರೆಪ್ಪ, ನಿಂತೇ.

“ಯಾವ ಡಿಸ್ಕು?”

“ನೀರು ಹೊಕ್ಕು ಸತ್ತಿದ್ದು.”

ಮುರಳಿ ನನ್ನ ಮುಖ ನೋಡಿದ, ಅವನ ಮುಖ ನೋಡಿದ. “ಲೋಕೇಶನ ಹತ್ರ ಹೋಗಿದ್ರಾ?” ಎಂದ. ಆಮೇಲೆ ಅವನೇ ದನಿ ಏರಿಸಿದ. “ನೋಡು ಗುರು, ಡಿಸ್ಕು ಸಾಯ್ಲಿಲ್ಲ, ಬಿಚ್ಚಿಟ್ಕೊಂಡೆ. ಹೌದು. ಹತ್ತೊಂಬತ್ತು ವರ್ಷ ನೀನು ಅರ್ಧ ಮಾಡಿದ್ದನ್ನ ನಾನು ಮುಗಿಸ್ಲಿಲ್ವಾ? ಮುಗಿದ ಕೆಲಸದ ಕಾರ್ಡಲ್ಲಿ ಯಾರ ಹೆಸರಿತ್ತು? ಆಗ ನಿಂದು ನಂದು ಅಂದ್ವಾ? ಪಾಸ್‌ವರ್ಡ್ ನೀನೇ ಬರೆದಿಟ್ಟಿದ್ದೆ. ನಾನೇನು ಬೀಗ ಒಡೆದ್ನಾ?”

“ಇಲ್ಲ. ಬೀಗ ಇರಲಿಲ್ಲ.”

“ಮತ್ತೆ?”

“ನಕ್ಷೆ ಬೇಕಂದಿದ್ರ ಇಬ್ಬರ ಹೆಸರೂ ಹಾಕ್ತಿದ್ದೆ. ಅದು ಹೋಗಲಿ. ನಾ ನಿನ್ನ ಕೈ ಹಿಡಕೊಂಡು ತಪ್ಪಾತು ಅಂದೆ. ನೀ ಏನಂದಿ?”

ಮುರಳಿ ಚಾಪೆಯ ಅಂಚು ನೋಡತೊಡಗಿದ.

“ಪರವಾಗಿಲ್ಲ ಅಂದಿ. ಹೆಗಲ ಮ್ಯಾಲ ಕೈ ಹಾಕಿ ಅಂದಿ. ನಾಕು ತಿಂಗಳು ನಾ ಅನ್ನ ಉಂಡಿಲ್ಲ ತಮ್ಮಾ, ಮಣ್ಣು ಉಂಡೀನಿ.”

ಒಳಗೆ ಎಲ್ಲೋ ಕುಕ್ಕರು ಕೂಗಿತು. ಮರೆಪ್ಪ ಬಾಗಿಲ ತನಕ ಹೋಗಿ ತಿರುಗಿದ. “ಆಕಿ ಹೆಸರ್ಯಾಕ ಬಿಟ್ಟಿ?”

“ಅತ್ತಿಗೆ ಹೆಸರು ಅಳಿಸೋಕೆ ಕೈ ಬರ್ಲಿಲ್ಲ ಗುರು.” ಆ ಮನೆಯ ಜೋಳದ ರೊಟ್ಟಿ ಎಷ್ಟು ಮಧ್ಯಾಹ್ನ ತಿಂದಿದ್ದನೋ. ಒಳಗೆ ಹೋಗಿ ಪೆನ್‌ಡ್ರೈವ್ ತಂದು ಮರೆಪ್ಪನ ಅಂಗೈಗಿಟ್ಟ. ಕೆಂಪು ದಾರ ಹಾಗೆಯೇ ಇತ್ತು, ನೀರು ಕಂಡ ಗುರುತಿರಲಿಲ್ಲ. “ಎಲ್ಲಾ ಇದರಲ್ಲಿದೆ. ತಗೊಂಡೋಗು.”

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ವಿಷಯ ಕೇಳಿ ದುರ್ಗವ್ವ ಬೈಯಲಿಲ್ಲ, ಅಳಲಿಲ್ಲ. ಕೆಂಪು ದಾರವನ್ನು ಬೆರಳಲ್ಲಿ ಹೊಸೆದು ನೋಡಿದಳು. “ಹಾಕಿ ನೋಡ್ರಿ, ಎಲ್ಲಾ ಐತೇನು,” ಎಂದಳು. ವೈರಸ್ ಪರೀಕ್ಷೆ ಮಾಡಿ ತೆರೆದರಾಯಿತು ಎಂದು ನಾನೂ ಹೇಳಿದೆ.

ಮರೆಪ್ಪ ಒದ್ದೆ ಬಟ್ಟೆ ತಂದು ಪೆಟ್ಟಿಗೆಯ ಬದಿಯ ಸೀಮೆಸುಣ್ಣ ಒರೆಸುತ್ತಿದ್ದ. ಊರಿನ ಹೆಸರು ಬೇಗ ಹೋಯಿತು. ಲೇತಿನ ನಂಬರನ್ನು ಮೂರು ಸಲ ತಿಕ್ಕಬೇಕಾಯಿತು.

“ಬ್ಯಾಡ,” ಎಂದ. “ಗುರುತಿಲ್ಲದವರ ಪೆನ್‌ಡ್ರೈವ್ ಹಾಕಬಾರದು.”

ಪೆನ್‌ಡ್ರೈವನ್ನು ದಾರ ಸಮೇತ ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದ. ಶೆಡ್ಡುಗಳಿಂದ ಕೇಳಿ ತಂದ ಚೂರುಗಳ ಗೋಣಿಚೀಲ ಬಿಚ್ಚಿ ಒಂದು ಮುರಿದ ಗೇರು ತೆಗೆದ. ದುರ್ಗವ್ವ ಕನ್ನಡಕ ಏರಿಸಿ ಎದುರಿಗೆ ಕೂತಳು. ಈ ಹೊತ್ತಿಗೆ ನಲವತ್ತೊಂದು ನಕ್ಷೆಗಳಾಗಿವೆ. ಹೊಸ ಪಾಸ್‌ವರ್ಡ್ ಅವನಿಗೂ ಅವಳಿಗೂ ಮಾತ್ರ ಗೊತ್ತು. ನಕಲು ಇರುವ ಜಾಗವನ್ನು ನನಗೂ ಹೇಳಿಲ್ಲ. ನಾನು ಕೇಳಿಲ್ಲ.