ಕನ್ನಡಕ್ಕೆ ಬಂದದ್ದು

ಮೊನ್ನೆ ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದ ಹೆಂಗಸು ಬುತ್ತಿ ಬಿಚ್ಚಿದಳು. ಗುರೆಳ್ಳು ಚಟ್ನಿಯ ವಾಸನೆ ಮೂಗಿಗೆ ಬಡಿಯಿತು. ಇಲ್ಲಿನವರೂ ಅದನ್ನು ಮಾಡುತ್ತಾರೆ, ಹೊಸದೇನಲ್ಲ. ಆದರೆ ಇದು ಬೆಳ್ಳುಳ್ಳಿ ತುಸು ಹೆಚ್ಚೇ ಹಾಕಿ, ಚೂರು ಬೆಲ್ಲ ಸೇರಿಸಿ ಕುಟ್ಟಿದ ಚಟ್ನಿ. ಕಾಕಾ ದಿನವೂ ಆಫೀಸಿಗೆ ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದದ್ದು ಇಂಥದ್ದೇ. ಅಷ್ಟರಲ್ಲಿ ಎದುರಿಗೊಂದು ಕೆಂಪು ಬಸ್ಸು ಬಂದು ನಿಂತಿತು. ಬೋರ್ಡಿನ ಮೇಲೆ ದೇವನಾಗರಿ ಅಕ್ಷರದಲ್ಲಿ ಊರಿನ ಹೆಸರು: ಕನ್ನಡ. ವಾಸನೆಯೂ ಬೋರ್ಡೂ ಹೀಗೆ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕು? ಆರಿತು ಅಂದುಕೊಂಡಿದ್ದ ಸಿಟ್ಟು ಮತ್ತೆ ಭಗ್ಗೆಂದಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕು ಊರೊಂದಿದೆ. ಪೂರಾ ಮರಾಠಿ ಊರು. ನನ್ನ ಗಂಡನಿಗೆ ವಿಜಯಪುರದಿಂದ ಇಲ್ಲಿಗೆ ವರ್ಗವಾಗಿ ನಾವು ಬಂದ ಹೊಸದರಲ್ಲಿ, ಇದೇ ನಿಲ್ದಾಣದ ಹೊರಗೆ ಚಹಾ ಕುಡಿಯುತ್ತಾ ಕಾಕಾ ನನಗೆ ಇದೇ ಬೋರ್ಡು ತೋರಿಸಿದ್ದರು. "ನೋಡವಾ, ಈ ಬಸ್ ಹತ್ತಿದ್ರ ಸೀದಾ ಕನ್ನಡಕ್ಕ ಹೋಗಬಹುದು. ಆದ್ರ ಅಲ್ಲಿ ಒಬ್ಬರಿಗೂ ಕನ್ನಡ ಬರೂದಿಲ್ಲ!" ಅಂದು ಹೊಟ್ಟೆ ಕುಣಿಸಿ ನಕ್ಕಿದ್ದರು. ನಾನೂ ನಕ್ಕಿದ್ದೆ.

ಕಾಕಾ ಅಂದರೆ ನನಗೆ ರಕ್ತಸಂಬಂಧಿಯಲ್ಲ. ಬಾಗಲಕೋಟೆ ಕಡೆಯವರು, ಬ್ಯಾಂಕಿನ ನೌಕರಿಗೆಂದು ಬಂದು ಇಲ್ಲೇ ಬೇರು ಬಿಟ್ಟವರು. ನಿವೃತ್ತಿಯಾದ ಮೇಲೆ ಬಡವರಿಗೆ ಮನೆ ಕಟ್ಟಿಸಿಕೊಡುವ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಯುಗಾದಿಯ ದಿನ ಸ್ಕೂಟರಿನಲ್ಲಿ ಕನ್ನಡದವರ ಮನೆಮನೆಗೆ ಹೋಗಿ ಬೇವು-ಬೆಲ್ಲ ಹಂಚುವ ಮನುಷ್ಯ. ನನ್ನ ಮಕ್ಕಳು ಆಗಲೇ ಮರಾಠಿಯಲ್ಲಿ ಉತ್ತರ ಕೊಡಲು ಶುರು ಮಾಡಿದ್ದರು. ಬಾಯಿ ತುಂಬ ಕನ್ನಡ ಆಡಲು ಯಾರೂ ಇಲ್ಲದೆ ನಾನು ಒಣಗಿಹೋಗಿದ್ದೆ. "ಆಫೀಸಿಗೆ ಬಾರವಾ, ನಿನ್ನ ಕೈಯಾಗ ಕೆಲಸಾನೂ ಇರ್ತದ, ನನ್ನ ಕೂಡ ಮಾತಾಡಾಕ ಒಬ್ರು ಸಿಕ್ಕಂಗೂ ಆಗ್ತದ" ಎಂದು ಕರೆದರು. ನನಗೆ ತವರೇ ಸಿಕ್ಕಂತಾಯಿತು.

ನಾನು ಸೇರುವ ಹೊತ್ತಿಗೆ ಪುಣೆಯ ಒಂದು ಕಂಪನಿಯಿಂದ ಮನೆ ಕಟ್ಟಲು ಅನುದಾನ ಮಂಜೂರಾಗಿತ್ತು. ಕಂಪನಿಯವರ ಜೊತೆಗಿನ ಮಾತುಕತೆಯೆಲ್ಲ ಕಾಕಾನದೇ. "ಆ ಇಂಗ್ಲಿಷ್ ಲಫಡಾ ನಿನಗ ಬ್ಯಾಡ, ನಾ ನೋಡ್ಕೋತೀನಿ" ಎನ್ನುತ್ತಿದ್ದರು. ಮನೆ ಇಲ್ಲದ ಕುಟುಂಬಗಳನ್ನು ಹುಡುಕುವುದು, ಕೆಲಸ ಎಲ್ಲಿಗೆ ಬಂತು ಎಂದು ಪ್ರತಿ ತಿಂಗಳು ಮರಾಠಿಯಲ್ಲಿ ವರದಿ ಬರೆದು ಫೋಟೋ ಕಳಿಸುವುದು ನನ್ನ ಪಾಲು. ಮನೆ ಯಾರಿಗೆ ಎಂದು ಕೇಳಿದಾಗ ಕಾಕಾ ಕಣ್ಣು ಮಿಟುಕಿಸಿದ್ದರು. "ಕನ್ನಡಕ್ಕ ಬಂದದ್ದು ಕನ್ನಡದವರಿಗೇ ಮುಟ್ಟಬೇಕವಾ." ನಾಸಿಕ್‌ನಲ್ಲಿ ಹೋಟೆಲ್ ಅಡುಗೆಮನೆಗಳಲ್ಲಿ ದುಡಿದು, ಅಲ್ಲೇ ಅಟ್ಟದ ಮೇಲೆ ಮಲಗುವ ನಮ್ಮ ಕಡೆಯ ಜನರಿಗಾಗಿ ಊರ ಹೊರಗೆ ಜಾಗ ನೋಡಿದ್ದೇನೆ ಎಂದರು. ಅಯ್ಯ, ಎಂಥ ದೊಡ್ಡ ಮನಸ್ಸು ಎಂದು ನಾನು ಕರಗಿಹೋದೆ.

ನಾಸಿಕ್‌ಗೆ ಓಡಾಡಿ ಕುಟುಂಬಗಳನ್ನು ಆರಿಸಿದೆ. ಅದರಲ್ಲಿ ಮೊದಲನೆಯವರು ರೊಟ್ಟಿ ಅಕ್ಕ. ಇಂಡಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಉಡುಪಿಯವರ ಹೋಟೆಲೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಾ, ಅಕ್ಕಿ ಚೀಲಗಳ ಪಕ್ಕ ಮಲಗುತ್ತಾ ಬದುಕಿದವರು. ಹೋಟೆಲನ್ನು ಕೆಡವಿ ಹೊಸದಾಗಿ ಕಟ್ಟುತ್ತೇವೆ, ನಿಮ್ಮ ನಿಮ್ಮ ದಾರಿ ನೋಡಿಕೊಳ್ಳಿ ಎಂದು ಮಾಲೀಕರು ಹೇಳಿಯಾಗಿತ್ತು. ಅಕ್ಕ ಕೇಳಿದ್ದು ಒಂದೇ. "ಒಲಿ ಮುಂದ ಒಂದ್ ಕಿಡಕಿ ಇಡಸ್ರಿ ಬಾಯಾರ. ಇಷ್ಟ್ ವರ್ಷ ಗ್ವಾಡಿ ನೋಡ್ಕೋತ ರೊಟ್ಟಿ ಬಡದೇನಿ." ಗೌಂಡಿಗೆ ನಾನೇ ನಿಂತು ಹೇಳಿ ಕಿಟಕಿಯ ಗುರುತು ಹಾಕಿಸಿದೆ. ಹೊಸ್ತಿಲು ಕೂರಿಸಿದ ದಿನ ಅಕ್ಕ ಅರಿಶಿನ ಕುಂಕುಮ ಹಚ್ಚಿ, ನನಗೂ ಉಡಿ ತುಂಬಿದರು...

ನಾನು ವರದಿಯಲ್ಲಿ ಹೆಮ್ಮೆಯಿಂದ ಬರೆದೆ: ಕನ್ನಡ ಕುಟುಂಬಗಳ ಮನೆಗಳಿಗೆ ಪಾಯ ಮುಗಿದಿದೆ, ಗೋಡೆ ಎದ್ದಿದೆ. ಪುಣೆಯಿಂದ ಯಾವ ತಕರಾರೂ ಬರಲಿಲ್ಲ. ಹೇಗೆ ಬಂದೀತು? ನಾನು ಕನ್ನಡ ಎಂದು ಭಾಷೆಯನ್ನು ಬರೆಯುತ್ತಿದ್ದೆ, ಅವರು ಕನ್ನಡ ಎಂದು ಊರನ್ನು ಓದುತ್ತಿದ್ದರು.

ಅದು ಬಯಲಾದದ್ದು ಪುಣೆಯ ಕಂಪನಿಯ ಮೇಡಂ ಒಂದು ಬೆಳಗ್ಗೆ ನಮ್ಮ ಆಫೀಸಿಗೆ ಬಂದಾಗ. ಚಹಾ ಮುಗಿಸಿ, "ಕನ್ನಡಕ್ಕೆ ಎಷ್ಟು ಹೊತ್ತಿನ ದಾರಿ? ಮನೆಗಳನ್ನು ನೋಡಿ ಬರೋಣ" ಎಂದರು ಮರಾಠಿಯಲ್ಲಿ. ನಾನು ನಗುತ್ತಲೇ, ಮನೆಗಳು ನಾಸಿಕ್‌ನಲ್ಲಿವೆಯಲ್ಲ ಎಂದೆ. ಮೇಡಂ ಮುಖ ಬಿಗಿಯಿತು. ಅನುದಾನ ಕೊಟ್ಟದ್ದು ಕನ್ನಡ ತಾಲ್ಲೂಕಿನಲ್ಲಿ ತಗಡಿನ ಶೆಡ್ಡುಗಳಲ್ಲಿರುವವರಿಗೆ ಎಂದರು. ನಾನು ಕಾಕಾನ ಕಡೆ ತಿರುಗಿದೆ. ಏನೋ ಹೇಳುತ್ತಾರೆ, ಇವರಿಗೇ ಗೊತ್ತು ಎಂಬ ಧೈರ್ಯ.

ಕಾಕಾ ಹಣೆ ಬಡಿದುಕೊಂಡು, ಅಚ್ಚ ಮರಾಠಿಯಲ್ಲಿ ಹೇಳಿದರು. "ಪಾಪ, ನಮ್ಮ ಹುಡುಗಿ ಕರ್ನಾಟಕದವಳು ನೋಡಿ. ಕನ್ನಡ ಅಂದ ಕೂಡಲೇ ತನ್ನ ಭಾಷೆಯವರು ಅಂದುಕೊಂಡುಬಿಟ್ಟಿದ್ದಾಳೆ. ನಾನು ನಂಬಿ ಎಲ್ಲ ಅವಳಿಗೇ ಬಿಟ್ಟದ್ದು ತಪ್ಪಾಯಿತು."

ಮೇಡಂಗೆ ನಗು ತಡೆಯಲಾಗಲಿಲ್ಲ. ಯಾರಿಗೇ ಹೇಳಿದರೂ ನಗುವಂಥ ತಪ್ಪು ಅದು, ನನ್ನಂಥವಳು ಮಾತ್ರ ಮಾಡಬಹುದಾದ ತಪ್ಪು. ಅದಕ್ಕೇ ಎಲ್ಲರೂ ನಂಬಿದರು. ಚಹಾ ಅಂಗಡಿಯ ಮುಂದೆ ಆ ಬೋರ್ಡು ತೋರಿಸಿ ನಕ್ಕವರು ಯಾರು? ಕಣ್ಣು ಮಿಟುಕಿಸಿ, ಕನ್ನಡಕ್ಕೆ ಬಂದದ್ದು ಕನ್ನಡದವರಿಗೇ ಎಂದವರು ಯಾರು? ನಂಬಿಸಿ ಕುತ್ತಿಗೆ ಕೊಯ್ಯುವುದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ, ಅದರ ಅರ್ಥ ತಿಳಿದದ್ದು ಅಂದು.

ಮೇಡಂ ಹೋದ ಮೇಲೆ ಕಾಕಾ ಮತ್ತೆ ನಮ್ಮ ಭಾಷೆಗೆ ಬಂದರು. "ಸಿಟ್ಟಾಗಬ್ಯಾಡವಾ. ಮಂದಿಗೆ ಒಳ್ಳೇದ್ ಆಗ್ಲಿ ಅಂತನ ಮಾಡೀನಿ. ಹೊರಗಿನವರಿಗೆ ಮನಿ ಅಂದ್ರ ಯಾರ್ ಕೊಡ್ತಾರ ಹೇಳು? ನೀ ಇನ್ನೂ ಸಣ್ಣಾಕಿ, ಬ್ಯಾರೆ ಕೆಲಸ ಸಿಗ್ತದ. ನನ್ನ ಹೆಸರು ಹೋದ್ರ ಸಂಸ್ಥೆನ ಮುಳಗ್ತದ." ಹೇಳುತ್ತಾ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ.

ನನ್ನನ್ನು ಕೆಲಸದಿಂದ ತೆಗೆದರು. ಕಾಕಾ ಉಳಿದರು. ಅನುದಾನ ಹಿಂದಕ್ಕೆ ಹೋಯಿತು, ನಾಸಿಕ್‌ನ ಗೋಡೆಗಳು ಕಿಟಕಿಯ ಮಟ್ಟದಲ್ಲೇ ನಿಂತವು. ರೊಟ್ಟಿ ಅಕ್ಕನಿಗೆ ಸುದ್ದಿ ಹೇಳಲು ನಾನೇ ಹೋದೆ. ಕಾಕಾ ಹೀಗೆ ಮಾಡಿದರು ಎಂದರೆ ಅವರು ನಂಬಲಿಲ್ಲ. "ಕಾಕಾರು ದೇವರಂಥವರ್ರೀ. ಕಿಡಕಿ ಇಡಸ್ತೀನಿ ಅಂತ ಹೇಳಿದವರು ನೀವಲ್ರಿ?" ಎಂದರು. ಬೈಯಲಿಲ್ಲ, ಅಳಲೂ ಇಲ್ಲ. ಹೋಟೆಲ್ ಕೆಡವಿದ ಮೇಲೆ ಊರಲ್ಲಿ ತಂಗಿಯ ಮನೆ ಸೇರಿದರೆಂದು ಕೇಳಿದೆ. ಈಗ ಅಲ್ಲಿ ಯಾವ ಗೋಡೆ ನೋಡುತ್ತಾ ರೊಟ್ಟಿ ಬಡಿಯುತ್ತಿದ್ದಾರೋ...

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ದನಿ ಸೋತಿತ್ತು, ಆದರೂ ತಿಳಿಯಿತು. "ನಾನವಾ, ಕಾಕಾ. ಆರಾಮಿಲ್ಲ. ಇಲ್ಲಿ ಮಗಳು, ಮೊಮ್ಮಕ್ಕಳು ಎಲ್ಲಾರದೂ ಮರಾಠಿ. ಒಂದ್ ಸಲ ಬೈದುಬಿಡು ನನಗ. ಕನ್ನಡದಾಗ ಬೈ."

ಬೈಗುಳಗಳು ನನ್ನ ಬಾಯಲ್ಲೇ ಇದ್ದವು, ಒಂದಲ್ಲ, ವರ್ಷಗಟ್ಟಲೆ ಕೂಡಿಟ್ಟವು. ಆದರೆ ಅಷ್ಟನ್ನಾದರೂ ಅವರಿಗೆ ಏಕೆ ಕೊಡಬೇಕು? "ರಾಂಗ್ ನಂಬರ್ ಆಹೆ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟೆ. ಆಮೇಲೆ ಅವರು ಹೋದ ಸುದ್ದಿ ಬಂತು. ತಪ್ಪು ಮಾಡಿದೆ ಎಂದು ಈಗಲೂ ಅನ್ನುವುದಿಲ್ಲ. ಆದರೆ ಈ ಊರಿನಲ್ಲಿ ಆಮೇಲೆ ನನ್ನನ್ನು ಯಾರೂ 'ಬಾರವಾ' ಎಂದು ಕರೆದಿಲ್ಲ.

ಮೊನ್ನೆ ನಾನು ಹತ್ತಬೇಕಿದ್ದದ್ದು ಅದೇ ಬಸ್ಸು. ಅಂದು ಮನೆ ಸಿಗದ ಕನ್ನಡದ ಶೆಡ್ಡಿನವರಿಗೆ ಈಗ ಬೇರೊಂದು ಸಂಸ್ಥೆ ಮನೆ ಕಟ್ಟಿಸುತ್ತಿದೆ. ನನಗೆ ಅಲ್ಲಿ ಕೆಲಸ. ಯಾವ ಮನೆಗೆ ಹೋದರೂ ಒಲೆ ಎಲ್ಲಿ, ಕಿಟಕಿ ಎಲ್ಲಿ ಎಂದು ಮೊದಲು ನೋಡುತ್ತೇನೆ. ಬಸ್ಸು ಹತ್ತಿದೆ, ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಆ ದಿನದಿಂದ ಅಂಟಿದ ಚಾಳಿ, ಆ ಹೆಸರನ್ನು ಬರಿದಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. "ಕನ್ನಡ... ಊರು" ಎಂದೆ ಮರಾಠಿಯಲ್ಲಿ.

"ಊರೇ ಅಲ್ಲವೇನಮ್ಮ, ಮತ್ತೇನು?" ಎಂದು ಅವನು ನಕ್ಕು ಟಿಕೆಟ್ ಹರಿದುಕೊಟ್ಟ. ಆ ಮಾತಿಗೆ ನನಗಿಂತ ಮೊದಲು ಹೊಟ್ಟೆ ಕುಣಿಸಿ ನಗುವವರು ಇದ್ದದ್ದು ಒಬ್ಬರೇ. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.