ಹನ್ನೊಂದು ಅವರೆಕಾಳು

ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೂರನೇ ಸಲವೂ ಫೇಲಾದರೆ ಪುಸ್ತಕವನ್ನೆಲ್ಲ ಒಲೆಗೆ ಹಾಕಿಬಿಡುತ್ತೇನೆ ಎಂದು ನಾನೇ ಓಣಿಯಲ್ಲೆಲ್ಲ ಸಾರಿಕೊಂಡು ಬಂದಿದ್ದೆ. ನಾಗಮಂಗಲದ ಕಡೆಯಿಂದ ಕ್ಯಾತನಹಳ್ಳಿಗೆ ಸೊಸೆಯಾಗಿ ಬಂದಾಗ ಓದು ಅರ್ಧಕ್ಕೇ ನಿಂತಿತ್ತು. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು. ಕೊಟ್ಟಿಗೆಯ ಹಸುವಿನ ಕೆಲಸವೆಲ್ಲ ನನ್ನದೇ ಆಗಿದ್ದರಿಂದ ಅತ್ತೆಗೆ ಅದು ಸುತರಾಂ ಇಷ್ಟವಿರಲಿಲ್ಲ. "ನೀನು ಕೆಲ್ಸುಕ್ಕೆ ಹೋದ್ರೆ ಅಸ ಯಾರವ್ವಾ ನೋಡ್ಕಳೋರು?" ಎನ್ನುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪ್ರೋಟಾನುಗಳ ಸಂಖ್ಯೆಯೇ ಪರಮಾಣು ಸಂಖ್ಯೆ ಎಂದು ಪುಸ್ತಕ ಹೇಳುತ್ತಿತ್ತು. ಸೋಡಿಯಂ ಪರಮಾಣುವಿನಲ್ಲಿ ಪ್ರೋಟಾನು ಹನ್ನೊಂದು, ಎಲೆಕ್ಟ್ರಾನೂ ಹನ್ನೊಂದು. ಎರಡೂ ಅಷ್ಟೇ ಇದ್ದಮೇಲೆ ಪ್ರೋಟಾನಿಗೊಂದಕ್ಕೇ ಯಾಕೆ ಮರ್ಯಾದೆ? ನನಗೆ ಸಿಟ್ಟೇ ಬಂತು.

ಕೊನೆಗೆ ಜಗಲಿಯ ಮೇಲೆ ಕಾಳು ಜೋಡಿಸಿದೆ. ನಡುವೆ ಪ್ರೋಟಾನಿಗೆ ಹನ್ನೊಂದು ಅವರೆಕಾಳು, ಅದರ ಜೊತೆಗೇ ನ್ಯೂಟ್ರಾನಿಗೆ ಹನ್ನೆರಡು ಹುರುಳಿ. ಸುತ್ತ ಎಲೆಕ್ಟ್ರಾನಿಗೆ ರಾಗಿ: ಒಳಸುತ್ತಿಗೆ ಎರಡು, ಆಚೆ ಎಂಟು, ಎಲ್ಲಕ್ಕಿಂತ ಹೊರಗೆ ಒಂದೇ ಒಂದು. ನಾನು ಪುಸ್ತಕದ ಕಡೆ ತಿರುಗುವಷ್ಟರಲ್ಲಿ ಕೋಳಿ ಬಂದು ಆ ಒಂಟಿ ರಾಗಿಯನ್ನು ಕುಕ್ಕಿ ನುಂಗಿತು. ಅದನ್ನು ಅಟ್ಟುತ್ತಿದ್ದಾಗಲೇ ಅತ್ತೆ ಮೊರ ಹಿಡಿದು ಬಂದರು.

"ಸಾರಿಗೆ ಇಟ್ಟಿದ್ ಕಾಳ್ನೆಲ್ಲ ಇಂಗೆ ಚೆಲ್ಲಾಡ್ಬುಟ್ಟಿದ್ದೀಯಲ್ಲಾ!" ಎಂದು ಅವರೆಕಾಳಿಗೇ ಕೈ ಹಾಕಿದರು.

"ಅದ್ನ ಮುಟ್ಬೇಡಿ ಅತ್ತೆ!" ಎಂದು ಕಿರುಚಿದೆ. "ರಾಗಿ ಹೋದ್ರೆ ಹೋಗ್ಲಿ. ಉಳ್ಳಿಕಾಳು ಒಂದು ಜಾಸ್ತಿ ಆದ್ರೂ ತೂಕ ಹೆಚ್ತದೆ ಅಷ್ಟೆ. ಅವ್ರೇಕಾಳು ಒಂದು ಹೋದ್ರೆ ಅದು ಸೋಡಿಯಮ್ಮೇ ಅಲ್ಲ, ಬೇರೆನೇ ಆಗೋಯ್ತದೆ!"

ಕಿರುಚಿದ ಮೇಲೆ ನಾನೇ ಬೆಪ್ಪಾಗಿ ನಿಂತೆ. ವಾರಗಟ್ಟಲೆ ತಲೆಗೆ ಹತ್ತದ್ದು ಜಗಳದಲ್ಲಿ ಹತ್ತಿತ್ತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು. "ಅಂಗಾದ್ರೆ ಅವ್ರೇಕಾಳ್ನ ಜ್ವಾಪಾನ ಮಾಡ್ಕ. ಮಿಕ್ಕಿದ್ದು ಕೋಳಿ ತಿಂದ್ಕಳ್ಲಿ ಬುಡು," ಎಂದವರೇ ಕೋಲು ಹಿಡಿದು ನಾನು ಓದಿ ಮುಗಿಸುವವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

ಬೆಳಿಗ್ಗೆ ನಾನು ಹೊರಡುವಾಗ ಆ ಅವರೆಕಾಳುಗಳನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದರು. "ಮರ್ತೋದ್ರೆ ಎಣಿಸ್ಕ," ಎಂದರು. ಪಾಂಡವಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಗಂಟನ್ನು ಬಿಚ್ಚುವುದು, ಕಟ್ಟುವುದು, ಇದೇ ಆಯಿತು.

ಪರೀಕ್ಷೆಯಲ್ಲಿ ಅದೇ ಬಂದಿತ್ತು: ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂನ ಪರಮಾಣು ಸಂಖ್ಯೆ ಎಷ್ಟು? ಗಂಟನ್ನು ಬೆರಳಲ್ಲಿ ಒತ್ತಿ ಎಣಿಸಿದೆ. ಹತ್ತು. ಇನ್ನೊಮ್ಮೆ ಎಣಿಸಿದರೂ ಹತ್ತೇ. ಪೆನ್ನು 'ಹತ್ತು' ಎಂದು ಬರೆಯಲು ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ನನ್ನ ಕಿರುಚಾಟವೇ ಕಿವಿಗೆ ಬಂತು. ಕೋಳಿ ತಿಂದದ್ದು ರಾಗಿಯನ್ನು, ಅವರೆಕಾಳನ್ನಲ್ಲ. ಒಂದು ಕಾಳು ಬಸ್ಸಿನಲ್ಲಿ ಉದುರಿಹೋಗಿದ್ದರೆ ಅದಕ್ಕೆ ಸೋಡಿಯಂ ಏನು ಮಾಡೀತು? ಹನ್ನೊಂದು ಎಂದು ಬರೆದೆ.

ಫಲಿತಾಂಶ ಬಂದ ಸಂಜೆ ಮೊಬೈಲು ಹಿಡಿದುಕೊಂಡೇ ಕೊಟ್ಟಿಗೆಗೆ ಓಡಿದೆ. ಅತ್ತೆ ಹಾಲು ಕರೆಯುತ್ತಿದ್ದರು. ಪಾಸಾದೆ ಎಂದೆ. ಅವರು ತಿರುಗಿಯೂ ನೋಡಲಿಲ್ಲ.

"ಅರ್ಜಿ ಹಾಕ್ಬುಡು," ಎಂದರು ಆಮೇಲೆ. "ಅಸ ನಾನ್ ನೋಡ್ಕತೀನಿ."